ಹಕ್ಕುಗಳ ಪಟ್ಟಿಯೇ ಬೇಡವೆಂದವರ ವಾದದಲ್ಲಿ ಹುರುಳಿತ್ತೇ? ಅಮೆರಿಕ ಸಂವಿಧಾನದ ಅಂಗೀಕಾರ, 1787–1791

ತುಂಗಾತೀರ

ನಮ್ಮ ಓದುಬಳಗದಲ್ಲಿ ಈ ತಿಂಗಳು ಅಮೆರಿಕ ಸಂವಿಧಾನದ ಅಂಗೀಕಾರದ ಕಾಲದ ಬರಹಗಳನ್ನು ಓದುತ್ತಿದ್ದೇವೆ. ಒಂದು ಪ್ರಶ್ನೆಯ ಮೇಲೆ ಹತ್ತಿದ ಜಗಳ ಬಗೆಹರಿಯದ ಕಾರಣ ಇಲ್ಲಿಗೆ ತಂದಿದ್ದೇನೆ.

1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯಾದಲ್ಲಿ 39 ಪ್ರತಿನಿಧಿಗಳು ಸಹಿ ಹಾಕಿದ ಪ್ರತಿಯಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕಾಗಲಿ ಧರ್ಮ ಸ್ವಾತಂತ್ರ್ಯಕ್ಕಾಗಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಐದು ದಿನ ಮೊದಲು, ಸೆಪ್ಟೆಂಬರ್ 12ರಂದು, ವರ್ಜೀನಿಯಾದ ಜಾರ್ಜ್ ಮೇಸನ್ ಎದ್ದುನಿಂತು, ಸಂವಿಧಾನದ ಆರಂಭದಲ್ಲಿ ಹಕ್ಕುಗಳ ಘೋಷಣೆಯೊಂದನ್ನು ಸೇರಿಸಬೇಕೆಂದೂ ರಾಜ್ಯಗಳ ಘೋಷಣೆಗಳನ್ನು ಎದುರಿಗಿಟ್ಟುಕೊಂಡರೆ ಅದನ್ನು ಕೆಲವೇ ಗಂಟೆಗಳಲ್ಲಿ ಬರೆದು ಮುಗಿಸಬಹುದೆಂದೂ ಹೇಳಿದ್ದ. ಎಲ್ಬ್ರಿಜ್ ಗೆರಿ ಅದನ್ನು ಪ್ರಸ್ತಾವವಾಗಿ ಮಂಡಿಸಿದ. ಮತಕ್ಕೆ ಹಾಕಿದಾಗ ಪರವಾಗಿ ಒಂದು ರಾಜ್ಯವೂ ಬರಲಿಲ್ಲ. ಮೇಸನ್‌ನ ಸ್ವಂತ ವರ್ಜೀನಿಯಾ ಕೂಡ ಕೈಕೊಟ್ಟಿತು.

ಮುಂದೆ ಅಂಗೀಕಾರದ ಚರ್ಚೆಯಲ್ಲಿ, ಸಂವಿಧಾನದ ಪರವಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 'ಫೆಡರಲಿಸ್ಟ್' ಲೇಖನಮಾಲೆಯ 84ನೆಯ ಲೇಖನದಲ್ಲಿ ಈ ನಿಲುವನ್ನು ಸಮರ್ಥಿಸಿದ. ಹಕ್ಕುಗಳ ಪಟ್ಟಿ ಅನಗತ್ಯ ಮಾತ್ರವಲ್ಲ, ಅಪಾಯಕಾರಿ ಕೂಡ ಎಂಬುದು ಅವನ ವಾದ. ಸರ್ಕಾರಕ್ಕೆ ಪತ್ರಿಕೆಗಳ ಮೇಲೆ ಅಧಿಕಾರವನ್ನೇ ಕೊಡದಿರುವಾಗ, ಪತ್ರಿಕೆಗಳನ್ನು ಮುಟ್ಟಬಾರದೆಂದು ಬರೆದರೆ, ಮುಟ್ಟುವ ಅಧಿಕಾರ ಎಲ್ಲೋ ಇದೆಯೆಂದು ನಾವೇ ಒಪ್ಪಿಕೊಂಡಂತಾಗುತ್ತದೆ. ನಮ್ಮ ಬಳಗದ ಬಹುತೇಕರು ಇದನ್ನು ಕುತರ್ಕವೆಂದು ತಳ್ಳಿಹಾಕಿದರು. ನನಗೇಕೋ ಹಾಗೆ ತಳ್ಳಿಹಾಕಲು ಮನಸ್ಸು ಬರುತ್ತಿಲ್ಲ. ತಿಳಿದವರು ಏನನ್ನುತ್ತೀರಿ?

ಧಾರವಾಡದ ವಕೀಲೆ

ತರ್ಕವಾಗಿ ಅದು ಚೊಕ್ಕವಾಗಿದೆ, ಆದರೆ ಅದು ನಿಂತ ನೆಲ ಗಟ್ಟಿಯಿಲ್ಲ. ಕೊಟ್ಟ ಅಧಿಕಾರಗಳಷ್ಟೇ ಸರ್ಕಾರಕ್ಕಿವೆ ಎಂಬ ಮಾತು ನಿಜವಾಗಬೇಕಾದರೆ ಆ ಅಧಿಕಾರಗಳಿಗೆ ಗಡಿ ಇರಬೇಕು. ಅದೇ ದಸ್ತಾವೇಜಿನ ಮೊದಲನೆಯ ವಿಧಿಯ ಎಂಟನೆಯ ಭಾಗವು ತೆರಿಗೆ ಹಾಕುವ ಅಧಿಕಾರವನ್ನೂ, ಕೊಟ್ಟ ಅಧಿಕಾರಗಳನ್ನು ಚಲಾಯಿಸಲು 'ಅಗತ್ಯವೂ ಯುಕ್ತವೂ' ಆದ ಎಲ್ಲ ಕಾನೂನುಗಳನ್ನು ಮಾಡುವ ಅಧಿಕಾರವನ್ನೂ ಕಾಂಗ್ರೆಸ್ಸಿಗೆ ಕೊಟ್ಟಿದೆ. ಪತ್ರಿಕೆಯನ್ನು ನಿಷೇಧಿಸುವ ಅಧಿಕಾರ ಇಲ್ಲದಿದ್ದರೇನು, ಅಚ್ಚಿನ ಕಾಗದದ ಮೇಲೆ ಹೊರಲಾರದ ತೆರಿಗೆ ಹಾಕಿದರೆ ಕೆಲಸ ಮುಗಿಯಿತಲ್ಲ. ಅಚ್ಚಿನ ಕಾಗದದ ಮೇಲೆ ಬ್ರಿಟನ್ ತೆರಿಗೆ ಹೇರಿದ 1765ರ ಸ್ಟ್ಯಾಂಪ್ ಕಾಯ್ದೆಯನ್ನು ಕಂಡುಂಡಿದ್ದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನೂ ದೊಡ್ಡ ಬಿರುಕು ಬೇರೆಡೆ ಇದೆ. ಪಟ್ಟಿ ಅನಗತ್ಯವೆನ್ನುವುದಾದರೆ, ಅದೇ ಸಂವಿಧಾನದಲ್ಲಿ ಹೇಬಿಯಸ್ ಕಾರ್ಪಸ್ ರಿಟ್ಟನ್ನು ಅಮಾನತುಗೊಳಿಸಬಾರದು, ಹಿಂದಿನಿಂದ ಜಾರಿಗೆ ಬರುವ ದಂಡಕಾನೂನು ಮಾಡಬಾರದು, ವಿಚಾರಣೆಯಿಲ್ಲದೆ ಶಾಸನದ ಮೂಲಕ ಯಾರನ್ನೂ ಶಿಕ್ಷಿಸಬಾರದು, ಬಿರುದು ಬಾವಲಿ ಕೊಡಬಾರದು ಎಂದು ಏಕೆ ಬರೆದರು? ಬಿರುದು ಕೊಡುವ ಅಧಿಕಾರವನ್ನು ಯಾರು ಯಾವ ಸಾಲಿನಲ್ಲಿ ಕೊಟ್ಟಿದ್ದರು? 'ಬ್ರೂಟಸ್' ಎಂಬ ಗುಪ್ತನಾಮದಲ್ಲಿ ನ್ಯೂಯಾರ್ಕ್ ಪತ್ರಿಕೆಗೆ ಬರೆಯುತ್ತಿದ್ದವನು 1787ರ ನವೆಂಬರಿನಲ್ಲೇ ಈ ಪ್ರಶ್ನೆ ಎತ್ತಿದ್ದ. ಕೆಲವು ಹಕ್ಕುಗಳನ್ನು ಬರೆದು ಉಳಿದವನ್ನು ಬಿಟ್ಟ ಮೇಲೆ 'ಬರೆಯದಿದ್ದರೂ ಇವೆ' ಎನ್ನುವ ಮಾತಿಗೆ ಬೆಲೆಯಿಲ್ಲ.

ಮಲೆನಾಡಿಗ

ಅದಕ್ಕೆ ಹ್ಯಾಮಿಲ್ಟನ್ ಏನು ಉತ್ತರ ಕೊಟ್ಟ?

ಧಾರವಾಡದ ವಕೀಲೆ

ಅವೇ ಕಲಮುಗಳನ್ನು ತೋರಿಸಿ, 'ನೋಡಿ, ಸಂವಿಧಾನವೇ ಒಂದು ಹಕ್ಕುಗಳ ಘೋಷಣೆ' ಎಂದ. ಒಂದೇ ಲೇಖನದಲ್ಲಿ ಪಟ್ಟಿ ಬೇಕಿಲ್ಲ ಎಂದೂ ಹೇಳಿ, ಪಟ್ಟಿ ಆಗಲೇ ಇದೆ ಎಂದೂ ಹೇಳಿದ. ನನ್ನ ಕಿರಿಯ ಸಹಾಯಕರು ಯಾರಾದರೂ ಇಂಥ ವಾದವನ್ನು ಬರೆದುಕೊಂಡು ಬಂದರೆ ಎರಡರಲ್ಲಿ ಒಂದನ್ನು ಹೊಡೆದುಹಾಕಿ ಎನ್ನುತ್ತೇನೆ.

ನಿವೃತ್ತ ಮೇಷ್ಟ್ರು

ಮೂಲ ಬರಹಕ್ಕೆ ಒಂದು ತಿದ್ದುಪಡಿ. ಧರ್ಮದ ಬಗ್ಗೆ ಒಂದು ಸಾಲೂ ಇರಲಿಲ್ಲವೆಂಬುದು ಸರಿಯಲ್ಲ. ಯಾವುದೇ ಸಾರ್ವಜನಿಕ ಹುದ್ದೆಗೆ ಧಾರ್ಮಿಕ ಪರೀಕ್ಷೆಯನ್ನು ಅರ್ಹತೆಯಾಗಿ ಎಂದಿಗೂ ಕೇಳಬಾರದೆಂದು ಆರನೆಯ ವಿಧಿಯಲ್ಲಿ ಇತ್ತು. ತಮಾಷೆಯೆಂದರೆ, ಆ ಸಾಲನ್ನು ಹೊಗಳಿದವರಿಗಿಂತ, ಇದರಿಂದ ಅನ್ಯಧರ್ಮೀಯರೂ ನಾಸ್ತಿಕರೂ ಅಧಿಕಾರಕ್ಕೆ ಬಂದುಬಿಡುತ್ತಾರೆಂದು ಅಂಜಿ ಬೈದವರ ದನಿಯೇ ಹಲವು ರಾಜ್ಯಗಳ ಅಂಗೀಕಾರ ಸಭೆಗಳಲ್ಲಿ ಜೋರಾಗಿ ಕೇಳುತ್ತದೆ. ಆಂಟಿ-ಫೆಡರಲಿಸ್ಟರೆಲ್ಲ, ಅಂದರೆ ಫೆಡರಲಿಸ್ಟರು ಬೆಂಬಲಿಸಿದ ಈ ಸಂವಿಧಾನವನ್ನು ವಿರೋಧಿಸಿದವರೆಲ್ಲ, ಇಂದಿನ ಅರ್ಥದ ಉದಾರವಾದಿಗಳಾಗಿದ್ದರೆಂದು ಯಾರೂ ಭಾವಿಸಬಾರದು.

ಅಂಗೀಕಾರ ನಡೆದ ಬಗೆಯನ್ನೂ ನೆನಪಿಡಬೇಕು. ಅಲ್ಲಿಯವರೆಗೆ ಜಾರಿಯಲ್ಲಿದ್ದ ಒಕ್ಕೂಟದ ಕರಾರುಗಳನ್ನು ಬದಲಾಯಿಸಲು 13 ರಾಜ್ಯಗಳೂ ಒಪ್ಪಬೇಕಿತ್ತು. ಹೊಸ ಸಂವಿಧಾನದ ಏಳನೆಯ ವಿಧಿ 9 ರಾಜ್ಯಗಳ ವಿಶೇಷ ಸಭೆಗಳು ಒಪ್ಪಿದರೆ ಸಾಕೆಂದಿತು. ಅಂದರೆ ಹಳೆಯ ನಿಯಮವನ್ನು ಬದಿಗಿಟ್ಟು ಹೊಸ ನಿಯಮದ ಪ್ರಕಾರವೇ ಹೊಸ ನಿಯಮಕ್ಕೆ ಒಪ್ಪಿಗೆ ಪಡೆದರು.

ಪೆನ್ಸಿಲ್ವೇನಿಯಾದಲ್ಲಿ ನಡೆದದ್ದನ್ನು ಕೇಳಿ. ಅಂಗೀಕಾರಕ್ಕಾಗಿ ಸಭೆ ಕರೆಯುವ ನಿರ್ಣಯವನ್ನು ಆತುರಾತುರವಾಗಿ ಪಾಸು ಮಾಡಿಸುವ ಹುನ್ನಾರ ಕಂಡು ಶಾಸನಸಭೆಯ ವಿರೋಧಿ ಸದಸ್ಯರು ಹೊರಗುಳಿದರು. ಕೋರಂಗೆ 46 ಜನ ಬೇಕು, ಒಳಗಿದ್ದವರು 44. ಮರುದಿನ, ಅಂದರೆ ಸೆಪ್ಟೆಂಬರ್ 29ರಂದು, ಗುಂಪೊಂದು ಇಬ್ಬರು ಸದಸ್ಯರನ್ನು ಅವರು ತಂಗಿದ್ದ ಮನೆಯಿಂದ ಎಳೆದುತಂದು ಸದನದಲ್ಲಿ ಕೂರಿಸಿತು. ಅವರಲ್ಲೊಬ್ಬ, ಗೈರುಹಾಜರಿಯ ದಂಡ ಕಟ್ಟುತ್ತೇನೆ, ನನ್ನನ್ನು ಬಿಟ್ಟುಬಿಡಿ ಎಂದು ಅಂಗಲಾಚಿದ. ಎದ್ದು ಹೊರಟರೆ ಬಾಗಿಲಲ್ಲಿ ಜನ ಅಡ್ಡಗಟ್ಟಿದರು. ಕೋರಂ ಭರ್ತಿಯಾಯಿತು, ನಿರ್ಣಯ ಪಾಸಾಯಿತು. ವ್ಯಕ್ತಿಯ ಹಕ್ಕುಗಳನ್ನು ಬರೆದಿಡಬೇಕಾದ ಅಗತ್ಯವೇ ಇಲ್ಲ ಎನ್ನುವ ಪಕ್ಷ ತನ್ನ ಮೊದಲ ದೊಡ್ಡ ರಾಜ್ಯವನ್ನು ಗೆಲ್ಲಲು ಹೊರಟದ್ದು ಹೀಗೆ.

ಬಯಲುಸೀಮೆ

ಮೇಷ್ಟ್ರೇ, ಕೋರಂ ಮುರಿಯಲು ಅವಿತುಕೊಂಡವರನ್ನು ಹುತಾತ್ಮರೆನ್ನಬೇಕೇ? ನಮ್ಮ ಶಾಸಕರು ರೆಸಾರ್ಟಿಗೆ ಹೋದರೆ ಬೈಯುತ್ತೇವೆ.

ನಿವೃತ್ತ ಮೇಷ್ಟ್ರು

ಹುತಾತ್ಮರೆಂದು ನಾನೆಲ್ಲಿ ಹೇಳಿದೆ? ಎರಡೂ ಕಡೆಯವರು ಆಟವಾಡುತ್ತಿದ್ದರು. ಆದರೆ ಒಂದು ಕಡೆಯ ಆಟದಲ್ಲಿ ಮಾತ್ರ ಕುತ್ತಿಗೆಪಟ್ಟಿ ಹಿಡಿದು ಎಳೆದೊಯ್ಯುವ ಕ್ರಮವಿತ್ತು. ಅದೇ ರಾಜ್ಯದ ಅಂಗೀಕಾರ ಸಭೆಯಲ್ಲಿ ರಾಬರ್ಟ್ ವೈಟ್‌ಹಿಲ್ ಧರ್ಮ, ಮಾತು, ಪತ್ರಿಕೆ, ಜ್ಯೂರಿ ಎಲ್ಲವನ್ನೂ ಒಳಗೊಂಡ 15 ತಿದ್ದುಪಡಿಗಳನ್ನು ಮಂಡಿಸಿದಾಗ ಬಹುಮತದವರು ಅವನ್ನು ನಡಾವಳಿಯಲ್ಲಿ ದಾಖಲಿಸಲೂ ಒಪ್ಪಲಿಲ್ಲ. ಡಿಸೆಂಬರ್ 12ರಂದು 46–23ರಿಂದ ಸಂವಿಧಾನ ಅಂಗೀಕಾರವಾಯಿತು. ಸೋತ ಗುಂಪಿನವರು ತಮ್ಮ ಭಿನ್ನಮತವನ್ನು ಅಚ್ಚು ಹಾಕಿಸಿ ಹಂಚಿದರು. ಎರಡು ವಾರದೊಳಗೆ ಕಾರ್ಲೈಲ್ ಊರಿನಲ್ಲಿ ಫೆಡರಲಿಸ್ಟರ ವಿಜಯೋತ್ಸವದ ಮೇಲೆ ದಾಳಿ ನಡೆದು, ಆ ರಾಜ್ಯದ ಫೆಡರಲಿಸ್ಟ್ ಮುಖಂಡ ಜೇಮ್ಸ್ ವಿಲ್ಸನ್‌ನ ಪ್ರತಿಕೃತಿ ಸುಟ್ಟುಹೋಯಿತು.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ನೆಲೆಸಿದ ಮೇಲೆ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಳ ಭವನದಲ್ಲಿ ಬಿಲ್ ಆಫ್ ರೈಟ್ಸ್‌ನ, ಅಂದರೆ 1791ರಲ್ಲಿ ಹಕ್ಕುಗಳ ಪಟ್ಟಿಯಾಗಿ ಸಂವಿಧಾನಕ್ಕೆ ಸೇರಿದ ಹತ್ತು ತಿದ್ದುಪಡಿಗಳ, ಮೂಲ ಪ್ರತಿಯನ್ನು ನೋಡಿದ್ದೇನೆ. ಬೆಳಕು ತೀರ ಮಂದ, ಶಾಯಿ ಮಾಸಿ ಕಂದು ಬಣ್ಣಕ್ಕೆ ತಿರುಗಿದೆ. ಗಾಜಿನ ಮೇಲೆ ಬಾಗಿ ಲೆಕ್ಕ ಹಾಕಿದರೆ ಅದರಲ್ಲಿರುವುದು ಹತ್ತಲ್ಲ, ಹನ್ನೆರಡು ವಿಧಿಗಳು. ಧರ್ಮ, ಮಾತು, ಪತ್ರಿಕೆಗಳನ್ನು ಕುರಿತ ಹೆಸರಾಂತ 'ಮೊದಲ ತಿದ್ದುಪಡಿ' ಅಲ್ಲಿ ಮೂರನೆಯದು. ಮೊದಲನೆಯದು ಪ್ರತಿನಿಧಿಗಳ ಸಂಖ್ಯೆಯ ಲೆಕ್ಕಾಚಾರ, ಎರಡನೆಯದು ಸಂಸದರ ಸಂಬಳ. ರಾಜ್ಯಗಳು ಆ ಎರಡನ್ನು ಆಗ ಒಪ್ಪದ ಕಾರಣ ಮೂರನೆಯದು ಮೇಲೇರಿತು. ಅತಿ ಮುಖ್ಯವಾದ ಕಾರಣಕ್ಕೆ ಅದನ್ನು ಮೊದಲಿಟ್ಟರೆಂದು ಇಲ್ಲಿಯ ಭಾಷಣಗಳಲ್ಲಿ ಆಗಾಗ ಕೇಳುತ್ತೇನೆ, ಮನಸ್ಸಿನಲ್ಲೇ ನಗುತ್ತೇನೆ.

ಕಾನೂನು ವಿದ್ಯಾರ್ಥಿ

ಬೇಡ ಬೇಡವೆಂದವರು ಕೊನೆಗೆ ಒಪ್ಪಿದ್ದು ಹೇಗೆ ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ. ನನ್ನ ತಿಳಿವಳಿಕೆಯಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ದಾರಿ ತಿರುಗಿತು. ಅಲ್ಲಿ ವಿರೋಧಿಗಳ ಸಂಖ್ಯೆಯೇ ಹೆಚ್ಚೆಂಬ ಅಂಜಿಕೆ ಫೆಡರಲಿಸ್ಟರಿಗಿತ್ತು. ವಾತರೋಗದ ನೆಪದಲ್ಲಿ ಮನೆಯಲ್ಲಿದ್ದ ಗವರ್ನರ್ ಜಾನ್ ಹ್ಯಾನ್‌ಕಾಕ್‌ನನ್ನು ಹೇಗೋ ಒಲಿಸಿದರು. ಉಪಾಧ್ಯಕ್ಷ ಪದವಿಯ ಆಸೆ ತೋರಿಸಿದರೆಂಬ ಮಾತೂ ಇದೆ. ಅವನು ಸಭೆಗೆ ಬಂದು, ಈಗ ಷರತ್ತಿಲ್ಲದೆ ಅಂಗೀಕರಿಸೋಣ, ಜೊತೆಗೆ 9 ತಿದ್ದುಪಡಿಗಳನ್ನು ಶಿಫಾರಸು ಮಾಡಿ ಕಳಿಸೋಣ ಎಂದ. 1788ರ ಫೆಬ್ರವರಿ 6ರಂದು 187–168ರಿಂದ ಗೆದ್ದರು. ಹತ್ತು ಜನ ಆಚೆ ಹೋಗಿದ್ದರೆ ಕಥೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಮೇರಿಲ್ಯಾಂಡ್ ಬಿಟ್ಟರೆ ಆ ವರ್ಷ ಅಂಗೀಕರಿಸಿದ ಎಲ್ಲ ರಾಜ್ಯಗಳೂ ಇದೇ ಜಾಡು ಹಿಡಿದವು. ವರ್ಜೀನಿಯಾದಲ್ಲಿ 89–79, ನ್ಯೂಯಾರ್ಕಿನಲ್ಲಿ 30–27. ಹಕ್ಕುಗಳ ಭರವಸೆ ಇಲ್ಲದೆ ಈ ಮೂರೂ ರಾಜ್ಯಗಳು ದಾಟುತ್ತಿರಲಿಲ್ಲ.

ಬಯಲುಸೀಮೆ

ಶಿಫಾರಸು ಎಂದರೆ ಮೂಗಿಗೆ ತುಪ್ಪ ಸವರುವುದು. ವರ್ಜೀನಿಯಾದ ವಿರೋಧಿಗಳ ನಾಯಕ ಪ್ಯಾಟ್ರಿಕ್ ಹೆನ್ರಿ ರಿಚ್ಮಂಡಿನ ಅಂಗೀಕಾರ ಸಭೆಯಲ್ಲಿ ಇದನ್ನೇ ಅಲ್ಲವೇ ಹೇಳಿದ್ದು? ಮೊದಲು ಸಹಿ ಹಾಕಿ ಆಮೇಲೆ ಕರಾರು ತಿದ್ದಿಕೊಳ್ಳುವ ವ್ಯವಹಾರಸ್ಥರು ಎಲ್ಲಿದ್ದಾರೆ?

ಕಾನೂನು ವಿದ್ಯಾರ್ಥಿ

ಹೆನ್ರಿಯ ವಾದ ಅದೇ, ಆದರೆ ಅವನ ಗುರಿ ಅದಲ್ಲ. ತಿದ್ದುಪಡಿ ಮೊದಲು, ಅಂಗೀಕಾರ ಆಮೇಲೆ ಎಂದರೆ ಎರಡನೆಯ ಮಹಾಸಭೆ ಕರೆಯಬೇಕು. ಕರೆದರೆ ತೆರಿಗೆಯ ಅಧಿಕಾರ, ಸೈನ್ಯ, ನ್ಯಾಯಾಲಯಗಳು ಎಲ್ಲವೂ ಮತ್ತೆ ಚೌಕಾಸಿಗೆ ಬರುತ್ತವೆ. 'ನಾವು ಜನರು' ಎಂದು ಶುರು ಮಾಡಿದ್ದೇ ತಪ್ಪು, 'ನಾವು ರಾಜ್ಯಗಳು' ಎನ್ನಬೇಕಿತ್ತು ಎಂದು ಸಭೆಯ ಆರಂಭದಲ್ಲೇ ತಗಾದೆ ತೆಗೆದವನು ಅವನು. ಹಕ್ಕುಗಳ ಪಟ್ಟಿ ಅನೇಕ ಆಂಟಿ-ಫೆಡರಲಿಸ್ಟರಿಗೆ ಕೈಗೆ ಸಿಕ್ಕ ಒಳ್ಳೆಯ ದೊಣ್ಣೆ. ಅವರಿಗೆ ಬೇಕಾದದ್ದು ರಾಜ್ಯಗಳ ಅಧಿಕಾರ.

ಧಾರವಾಡದ ವಕೀಲೆ

ಹೆನ್ರಿಯ ಮಟ್ಟಿಗೆ ಒಪ್ಪುತ್ತೇನೆ, ಮೇಸನ್‌ನ ಮಟ್ಟಿಗೆ ಒಪ್ಪುವುದಿಲ್ಲ. 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡು ಬರೆದವನೇ ಅವನು. ಫಿಲಡೆಲ್ಫಿಯಾದಲ್ಲಿ ಪ್ರಸ್ತಾವ ಬಿದ್ದುಹೋದ ಮೇಲೆ, ಕೈಯಲ್ಲಿದ್ದ ಸಂವಿಧಾನದ ಅಚ್ಚಿನ ಕರಡಿನ ಹಿಂಬದಿಯ ಖಾಲಿ ಪುಟದಲ್ಲೇ ತನ್ನ ಆಕ್ಷೇಪಗಳನ್ನು ಬರೆದ. ಅದರ ಮೊದಲನೆಯ ವಾಕ್ಯವೇ ಇದರಲ್ಲಿ ಹಕ್ಕುಗಳ ಘೋಷಣೆ ಇಲ್ಲ ಎಂಬುದು. ಕೊನೆಯವರೆಗೆ ಕುಳಿತಿದ್ದೂ ಸಹಿ ಹಾಕಲು ನಿರಾಕರಿಸಿದ ಮೂವರಲ್ಲಿ ಅವನೊಬ್ಬ. ಇದಕ್ಕಾಗಿ ವಾಷಿಂಗ್ಟನ್ನನ ಹಳೆಯ ಗೆಳೆತನವೂ ಹಳಸಿತು.

ಕೃಷ್ಣಾತೀರದ ಓದುಗ

ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ, ಯಾರೂ ಗುಲಾಮರ ಮಾತೆತ್ತಲಿಲ್ಲ. ಮೇಸನ್‌ನ ಹಕ್ಕುಗಳ ಪ್ರೇಮವನ್ನು ಹೊಗಳುವಾಗ ಅವನ ತೋಟದಲ್ಲಿ ದುಡಿಯುತ್ತಿದ್ದ ಗುಲಾಮರನ್ನೂ ಎಣಿಸಬೇಕು. ಗುಲಾಮರ ಆಮದನ್ನು ಅವನು ಮಹಾಸಭೆಯಲ್ಲಿ ಉಗ್ರವಾಗಿ ಖಂಡಿಸಿದ್ದೂ ನಿಜ, ತನ್ನವರನ್ನು ಬಿಡುಗಡೆ ಮಾಡದಿದ್ದದ್ದೂ ನಿಜ.

ಹಕ್ಕುಗಳ ಪಟ್ಟಿ ಏಕೆ ಬೇಡವೆಂಬುದಕ್ಕೆ ಹ್ಯಾಮಿಲ್ಟನ್ ಮತ್ತು ವಿಲ್ಸನ್ ಕೊಟ್ಟ ನಯವಾದ ಕಾರಣಗಳ ಜೊತೆಗೆ ಸೌತ್ ಕೆರೊಲಿನಾದ ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿ ಕೊಟ್ಟ ಕಾರಣವನ್ನೂ ಓದಬೇಕು. 1788ರ ಜನವರಿಯಲ್ಲಿ ಅವನು ತನ್ನ ರಾಜ್ಯದ ಶಾಸನಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ: ಇಂಥ ಘೋಷಣೆಗಳು ಸಾಮಾನ್ಯವಾಗಿ ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರೆಂದು ಆರಂಭವಾಗುತ್ತವೆ, ನಮ್ಮ ಆಸ್ತಿಯ ದೊಡ್ಡ ಭಾಗವೇ ಹುಟ್ಟುಗುಲಾಮರಾಗಿರುವ ಮನುಷ್ಯರಾಗಿರುವಾಗ ಆ ಮಾತನ್ನು ನಾವು ಯಾವ ಮುಖವಿಟ್ಟುಕೊಂಡು ಹೇಳುವುದು? ಇಡೀ ಅಂಗೀಕಾರದ ಚರ್ಚೆಯಲ್ಲಿ ಇಷ್ಟು ಪ್ರಾಮಾಣಿಕವಾದ ನಿರ್ಲಜ್ಜತನ ನನಗೆ ಬೇರೆಲ್ಲೂ ಸಿಕ್ಕಿಲ್ಲ. 1791ರಲ್ಲಿ ಜಾರಿಗೆ ಬಂದ ಹತ್ತು ತಿದ್ದುಪಡಿಗಳಲ್ಲಿ ಎಲ್ಲರೂ ಸಮಾನವಾಗಿ ಸ್ವತಂತ್ರರು ಎಂಬ ಸಾಲು ಇಲ್ಲದಿರುವುದು ಕಾಕತಾಳೀಯವೆಂದು ನಾನು ನಂಬುವುದಿಲ್ಲ. ವರ್ಜೀನಿಯಾದ 1776ರ ಘೋಷಣೆಯ ಮೊದಲ ವಿಧಿಯೇ ಅದಾಗಿತ್ತು.

ಮಲೆನಾಡಿಗ

ಅಂದಮೇಲೆ ಆ ಹತ್ತು ತಿದ್ದುಪಡಿಗಳು ಯಾರ ಹಕ್ಕುಗಳನ್ನು ಕಾಪಾಡಿದವು?

ನಿವೃತ್ತ ಮೇಷ್ಟ್ರು

ಬಹುಕಾಲ ಹೆಚ್ಚೇನನ್ನೂ ಕಾಪಾಡಲಿಲ್ಲ. ಅದಕ್ಕೆ ಬರುವ ಮೊದಲು ಸಂವಿಧಾನ ರಚನೆಯ ಮುಖ್ಯ ಶಿಲ್ಪಿ, ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್‌ನ ಮಾತಾಡಬೇಕು, ಅವನಿಲ್ಲದೆ ಈ ಕಥೆ ಅರ್ಥವಾಗುವುದಿಲ್ಲ.

ಮ್ಯಾಡಿಸನ್‌ನ ಸಂಶಯ ಹ್ಯಾಮಿಲ್ಟನ್‌ನದಕ್ಕಿಂತ ಆಳವಾದದ್ದು. 1788ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿದ್ದ ಜೆಫರ್ಸನ್‌ಗೆ ಬರೆದ ಪತ್ರದಲ್ಲಿ ಅವನು ಹಕ್ಕುಗಳ ಪಟ್ಟಿಗಳನ್ನು ಚರ್ಮಪತ್ರದ ಬೇಲಿ ಎಂದು ಕರೆದ. ಬಹುಮತ ನುಗ್ಗಿದ ಕಡೆಯಲ್ಲೆಲ್ಲ ಆ ಬೇಲಿ ಮುರಿದುಬಿದ್ದದ್ದನ್ನು ಸ್ವಂತ ವರ್ಜೀನಿಯಾದಲ್ಲೇ ಅವನು ಕಂಡಿದ್ದ. 1776ರ ಘೋಷಣೆಯಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಬರೆದಿದ್ದರೂ, 1784ರಲ್ಲಿ ಇದೇ ಪ್ಯಾಟ್ರಿಕ್ ಹೆನ್ರಿ ಕ್ರೈಸ್ತ ಬೋಧಕರ ವೇತನಕ್ಕೆಂದು ಎಲ್ಲರ ಮೇಲೂ ತೆರಿಗೆ ಹಾಕುವ ಮಸೂದೆಗೆ ಬೆಂಬಲ ಗಿಟ್ಟಿಸಿದ್ದ. ಅದನ್ನು ತಡೆದದ್ದು ಕಾಗದದ ಮೇಲಿನ ಹಕ್ಕಲ್ಲ. ಬ್ಯಾಪ್ಟಿಸ್ಟರೂ ಪ್ರೆಸ್ಬಿಟೇರಿಯನ್ನರೂ ಮ್ಯಾಡಿಸನ್ ಜೊತೆ ಸೇರಿ ಊರೂರಿನಿಂದ ಸಹಿ ಸಂಗ್ರಹಿಸಿದ ಮನವಿಗಳು ಅದನ್ನು ತಡೆದವು. ಅಮೆರಿಕದಲ್ಲಿ ದಬ್ಬಾಳಿಕೆ ಬಂದರೆ ಅದು ರಾಜನಿಂದಲ್ಲ, ನೆರೆಹೊರೆಯವರ ಬಹುಮತದಿಂದ ಬರುತ್ತದೆ ಎಂಬುದು ಅವನ ಲೆಕ್ಕ. ಇಂಥವನೇ ಮುಂದೆ ಹಕ್ಕುಗಳ ಪಟ್ಟಿಗಾಗಿ ಸಂಸತ್ತಿನಲ್ಲಿ ಹಠ ಹಿಡಿದ.

ತುಂಗಾತೀರ

ಮನಸ್ಸು ಬದಲಾಯಿಸಿದ್ದೋ, ಚುನಾವಣೆ ಬದಲಾಯಿಸಿದ್ದೋ?

ನಿವೃತ್ತ ಮೇಷ್ಟ್ರು

ಚುನಾವಣೆಯ ಪಾತ್ರ ದೊಡ್ಡದು. ಹೆನ್ರಿ ತನ್ನ ಹಿಡಿತದಲ್ಲಿದ್ದ ಶಾಸನಸಭೆಯ ಮೂಲಕ ಮ್ಯಾಡಿಸನ್ ಸೆನೆಟ್ಟಿಗೆ ಹೋಗದಂತೆ ನೋಡಿಕೊಂಡ. ಆಮೇಲೆ ಅವನ ಊರನ್ನು ಆಂಟಿ-ಫೆಡರಲಿಸ್ಟರೇ ತುಂಬಿದ್ದ ಕ್ಷೇತ್ರಕ್ಕೆ ಸೇರಿಸಿ ಜೇಮ್ಸ್ ಮನ್ರೋನನ್ನು ಎದುರಾಳಿಯಾಗಿ ನಿಲ್ಲಿಸಿದರು. ಹಿಂದೆ ಜೈಲು ಕಂಡಿದ್ದ ಅಲ್ಲಿಯ ಬ್ಯಾಪ್ಟಿಸ್ಟ್ ಬೋಧಕರಿಗೆ ಧರ್ಮ ಸ್ವಾತಂತ್ರ್ಯದ ಖಾತರಿ ಬರಹದಲ್ಲಿ ಬೇಕಿತ್ತು. ಮ್ಯಾಡಿಸನ್ 1789ರ ಜನವರಿ 2ರಂದು ಬೋಧಕನೊಬ್ಬನಿಗೆ ಪತ್ರ ಬರೆದು, ಮೊದಲ ಕಾಂಗ್ರೆಸ್ಸಿನಲ್ಲೇ ಅಂಥ ತಿದ್ದುಪಡಿಗಳನ್ನು ತರಬೇಕೆಂಬುದೇ ತನ್ನ ಪ್ರಾಮಾಣಿಕ ಅಭಿಪ್ರಾಯವೆಂದು ಸ್ಪಷ್ಟಪಡಿಸಿದ. ಇಬ್ಬರೂ ಅಭ್ಯರ್ಥಿಗಳು ಒಟ್ಟಿಗೆ ಊರೂರು ತಿರುಗಿ ವಾದಿಸಿದರು. ಒಂದು ಜರ್ಮನ್ ಲೂಥರನ್ ಚರ್ಚಿನ ಹೊರಗೆ, ಹಿಮದಲ್ಲಿ ನಿಂತ ಜನರ ಮುಂದೆ ಮಾತಾಡಿ ಹಿಂದಿರುಗುವಾಗ ಮ್ಯಾಡಿಸನ್‌ನ ಮೂಗಿಗೆ ಹಿಮ ಕಚ್ಚಿತು. ಮುದುಕನಾದ ಮೇಲೂ ಆ ಗುರುತನ್ನು ತೋರಿಸಿ ನಗುತ್ತಿದ್ದನಂತೆ. ಫಲಿತಾಂಶ 1308ಕ್ಕೆ 972.

ನ್ಯೂಜೆರ್ಸಿ ಕನ್ನಡಿಗ

ಗೆದ್ದು ಬಂದವನು ಜೂನ್ 8ರಂದು ತಿದ್ದುಪಡಿಗಳನ್ನು ಮಂಡಿಸಿದರೆ ಸ್ವಪಕ್ಷದವರೇ ಮುಖ ಸಿಂಡರಿಸಿದರು. ಸುಂಕ, ನ್ಯಾಯಾಲಯ, ಇಲಾಖೆಗಳು ಎಂದು ಮಾಡುವ ಕೆಲಸ ಬೆಟ್ಟದಷ್ಟಿರುವಾಗ ಇದಕ್ಕೇನು ಅವಸರ ಎಂದರು. ವಿರೋಧಿಗಳಿಗೂ ಸಮಾಧಾನವಿಲ್ಲ. ತಮಗೆ ಬೇಕಾದ ತೆರಿಗೆ ಮಿತಿಯೇ ಅದರಲ್ಲಿಲ್ಲವೆಂದು ಅವರು ಗೊಣಗಿದರು. ಸೌತ್ ಕೆರೊಲಿನಾದ ಈಡನಸ್ ಬರ್ಕ್, ಹಡಗಿಗೆ ತಾಗಲು ಬರುವ ತಿಮಿಂಗಿಲದ ಗಮನ ತಿರುಗಿಸಲು ನಾವಿಕರು ಖಾಲಿ ತೊಟ್ಟಿ ಎಸೆಯುವಂತೆ ಇದನ್ನು ನಮ್ಮ ಮುಂದೆ ಎಸೆದಿದ್ದೀರಿ ಎಂದು ಸದನದಲ್ಲೇ ಕುಟುಕಿದ.

ಬಯಲುಸೀಮೆ

ಬರ್ಕ್ ಹೇಳಿದ್ದೇ ಸರಿ. ಅಂದ ಮೇಲೆ ಇಡೀ ಹಕ್ಕುಗಳ ಮಸೂದೆ ವಿರೋಧ ಪಕ್ಷದ ಬಾಯಿ ಮುಚ್ಚಿಸುವ ಕಣ್ಕಟ್ಟು. ಇದನ್ನು ಪೂಜೆ ಮಾಡುವುದೇಕೆ?

ಧಾರವಾಡದ ವಕೀಲೆ

ಉದ್ದೇಶ ಯಾವುದಾದರೂ ಇರಲಿ, ಬರೆದದ್ದರಿಂದ ಏನಾಗಬಹುದು ಎಂಬುದನ್ನು ಜೆಫರ್ಸನ್ ಸರಿಯಾಗಿ ಗುರುತಿಸಿದ್ದ. 1789ರ ಮಾರ್ಚ್ 15ರ ಪತ್ರದಲ್ಲಿ ಅವನು ಮ್ಯಾಡಿಸನ್‌ಗೆ, ನಿನ್ನ ವಾದಗಳ ನಡುವೆ ಒಂದನ್ನು ಬಿಟ್ಟಿದ್ದೀಯೆ, ಹಕ್ಕುಗಳ ಪಟ್ಟಿ ನ್ಯಾಯಾಂಗದ ಕೈಗೆ ಕಾನೂನಿನ ತಡೆಯೊಂದನ್ನು ಕೊಡುತ್ತದೆ ಎಂದು ಬರೆದ. ಜೂನ್ 8ರ ಭಾಷಣದಲ್ಲಿ ಮ್ಯಾಡಿಸನ್ ಇದನ್ನೇ ತನ್ನದಾಗಿಸಿಕೊಂಡು, ಸ್ವತಂತ್ರ ನ್ಯಾಯಾಲಯಗಳು ಈ ಹಕ್ಕುಗಳ ಕಾವಲುಗಾರರಾಗುತ್ತವೆ ಎಂದ. ಕೋರ್ಟಿನಲ್ಲಿ ನಿಂತು ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು. ನ್ಯಾಯಮೂರ್ತಿಗಳ ಮುಂದೆ 'ಸಂವಿಧಾನದ ಒಟ್ಟು ಆಶಯ' ಎಂದು ಶುರುಮಾಡಿದರೆ ಗಡಿಯಾರ ನೋಡುತ್ತಾರೆ. ಇಂಥ ವಿಧಿಯ ಇಂಥ ಸಾಲು ಎಂದರೆ ಪುಸ್ತಕ ತೆರೆಯುತ್ತಾರೆ.

ಬಯಲುಸೀಮೆ

ತೆರೆದರೇ? 1798ರ ರಾಜದ್ರೋಹದ ಕಾಯ್ದೆಯನ್ನು ಮರೆತಿರಾ? ಪತ್ರಿಕಾ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾನೂನನ್ನು ಕಾಂಗ್ರೆಸ್ ಮಾಡಕೂಡದು ಎಂಬ ತಿದ್ದುಪಡಿಗೆ ಏಳು ವರ್ಷ ತುಂಬುವ ಮೊದಲೇ, ಅದೇ ಕಾಂಗ್ರೆಸ್ ಸರ್ಕಾರವನ್ನು ಟೀಕಿಸಿ ಬರೆಯುವುದನ್ನು ಅಪರಾಧವಾಗಿಸಿತು. ವರ್ಮಾಂಟಿನ ಸಂಸದ ಮ್ಯಾಥ್ಯೂ ಲಿಯಾನ್‌ಗೆ ನಾಲ್ಕು ತಿಂಗಳ ಜೈಲು, 1000 ಡಾಲರ್ ದಂಡ. ವಿಚಾರಣೆ ನಡೆಸಿದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ. ಯಾವೊಬ್ಬ ಕಾವಲುಗಾರನೂ ಬಾಯಿ ತೆರೆಯಲಿಲ್ಲ. ಜನ ಲಿಯಾನ್‌ನನ್ನು ಜೈಲಿನಲ್ಲಿದ್ದಾಗಲೇ ಮತ್ತೆ ಆರಿಸಿ ಕಳಿಸಿದರು. ಕಾಯ್ದೆ ಸತ್ತದ್ದು 1800ರ ಚುನಾವಣೆಯಿಂದ, ಕೋರ್ಟಿನಿಂದಲ್ಲ. ಚರ್ಮಪತ್ರದ ಬೇಲಿ ಎಂದ ಮ್ಯಾಡಿಸನ್‌ನೇ ಗೆದ್ದ.

ಧಾರವಾಡದ ವಕೀಲೆ

ಆ ಕಾಯ್ದೆಯ ವಿರುದ್ಧ ವರ್ಜೀನಿಯಾದ ನಿರ್ಣಯ ಬರೆದವನೂ ಮ್ಯಾಡಿಸನ್ನೇ, ಅದರಲ್ಲಿ ಅವನು ಎತ್ತಿ ಹಿಡಿದದ್ದು ಇದೇ ತಿದ್ದುಪಡಿಯನ್ನೇ. ಸಾಲು ಇಲ್ಲದಿದ್ದರೆ ಏನನ್ನು ಎತ್ತಿ ಹಿಡಿಯುತ್ತಿದ್ದ? ಕೋರ್ಟುಗಳು ಎಚ್ಚರಗೊಳ್ಳಲು ನೂರಕ್ಕೂ ಹೆಚ್ಚು ವರ್ಷ ತೆಗೆದುಕೊಂಡವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಕಾನೂನು ವಿದ್ಯಾರ್ಥಿ

ಮಲೆನಾಡಿಗರು ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿದೆ. ಮ್ಯಾಡಿಸನ್‌ನ ಪಟ್ಟಿಯಲ್ಲಿ ಇನ್ನೊಂದು ಕಲಮು ಇತ್ತು. ಯಾವ ರಾಜ್ಯವೂ ಆತ್ಮಸಾಕ್ಷಿಯ ಸಮಾನ ಹಕ್ಕನ್ನಾಗಲಿ, ಪತ್ರಿಕಾ ಸ್ವಾತಂತ್ರ್ಯವನ್ನಾಗಲಿ, ಕ್ರಿಮಿನಲ್ ಪ್ರಕರಣಗಳ ಜ್ಯೂರಿ ವಿಚಾರಣೆಯನ್ನಾಗಲಿ ಉಲ್ಲಂಘಿಸಕೂಡದು. ಇಡೀ ಪಟ್ಟಿಯಲ್ಲಿ ಇದೇ ಅತ್ಯಮೂಲ್ಯವೆಂದು ಅವನೇ ಹೇಳಿದ್ದ. ಕೆಳಮನೆ ಒಪ್ಪಿತು, ರಾಜ್ಯಗಳ ಶಾಸನಸಭೆಗಳಿಂದ ಆಯ್ಕೆಯಾಗಿದ್ದ ಸೆನೆಟ್ ಅದನ್ನು ಕಿತ್ತುಹಾಕಿತು. 1833ರಲ್ಲಿ ಬಾಲ್ಟಿಮೋರಿನ ಹಡಗುಕಟ್ಟೆಯ ಮಾಲೀಕನೊಬ್ಬ, ನಗರಸಭೆಯ ಕಾಮಗಾರಿಯಿಂದ ತನ್ನ ಕಟ್ಟೆಯ ಸುತ್ತ ಹೂಳು ತುಂಬಿ ವ್ಯಾಪಾರ ಹಾಳಾಯಿತೆಂದು ಪರಿಹಾರ ಕೇಳಿ ಸುಪ್ರೀಂ ಕೋರ್ಟಿಗೆ ಹೋದಾಗ, ಈ ತಿದ್ದುಪಡಿಗಳು ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತವೆ ಎಂದು ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ತೀರ್ಪಿತ್ತ. ಅಂತರ್ಯುದ್ಧ ನಡೆದು, 1868ರಲ್ಲಿ ಹದಿನಾಲ್ಕನೆಯ ತಿದ್ದುಪಡಿ ಬಂದು, 1925ರ ಗಿಟ್ಲೋ ಪ್ರಕರಣದಲ್ಲಿ ವಾಕ್ ಸ್ವಾತಂತ್ರ್ಯವು ರಾಜ್ಯಗಳಿಗೂ ಅನ್ವಯಿಸುತ್ತದೆಂದು ಕೋರ್ಟ್ ಒಪ್ಪಿಕೊಳ್ಳುವವರೆಗೆ ಕಾಯಬೇಕಾಯಿತು. ಅಂದಹಾಗೆ ಗಿಟ್ಲೋ ಆ ಮೊಕದ್ದಮೆಯಲ್ಲಿ ಸೋತ!

ಕರಾವಳಿ ಕನ್ನಡಿಗ

ಸ್ವಲ್ಪ ನಮ್ಮ ಕಡೆಗೂ ಬರೋಣ. ಅಮೆರಿಕದ ಐದನೆಯ ತಿದ್ದುಪಡಿಯ 'ಡ್ಯೂ ಪ್ರೊಸೆಸ್' (ನ್ಯಾಯಯುತ ಕಾರ್ಯವಿಧಾನ) ಎಂಬ ಮಾತು ನಮ್ಮ ಸಂವಿಧಾನದ ಆರಂಭದ ಕರಡಿನಲ್ಲಿತ್ತು. ಅದು ಬಿದ್ದುಹೋಗಲು ಮುಖ್ಯ ಕಾರಣ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಶಾಸಕಾಂಗದ ನಿರ್ಧಾರಗಳನ್ನು ಕೆಲವೇ ನ್ಯಾಯಾಧೀಶರು ರದ್ದುಮಾಡುವಂತಾಗುವುದು ಪ್ರಜಾಸತ್ತೆಗೆ ಒಗ್ಗದೆಂದು ಅವರಿಗೆ ಹೇಳಿದರು. ನಮ್ಮ 21ನೆಯ ವಿಧಿಯಲ್ಲಿ 'ಕಾನೂನು ಸ್ಥಾಪಿಸಿದ ಕಾರ್ಯವಿಧಾನ' ಮಾತ್ರ ಉಳಿಯಿತು. 1950ರಲ್ಲಿ ಎ.ಕೆ. ಗೋಪಾಲನ್ ಅವರ ಮುಂಜಾಗ್ರತಾ ಬಂಧನದ ಪ್ರಕರಣದಲ್ಲಿ ಅದರ ಫಲ ಕಂಡಿತು, ಶಾಸನವೊಂದಿದ್ದರೆ ಸಾಕು ಎಂದಿತು ಕೋರ್ಟ್. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟ್ 'ಡ್ಯೂ ಪ್ರೊಸೆಸ್' ಅನ್ನು ಹಿಂಬಾಗಿಲಿನಿಂದ ಮರಳಿ ತಂದಿತು.

ನಿವೃತ್ತ ಮೇಷ್ಟ್ರು

ಅಂಗೀಕಾರದ ದೃಷ್ಟಿಯಿಂದಲೂ ನಮ್ಮಲ್ಲಿ ಒಂದು ಸಮೀಪದ ಉದಾಹರಣೆಯಿದೆ. ಭಾರತದ ಸಂವಿಧಾನವನ್ನು ಪ್ರಾಂತ್ಯಗಳ ಒಪ್ಪಿಗೆಗೆ ಕಳಿಸಲಿಲ್ಲ, ಸಂವಿಧಾನ ಸಭೆಯೇ 1949ರ ನವೆಂಬರ್ 26ರಂದು ಅಂಗೀಕರಿಸಿತು. ಆದರೆ ಅದರ ಹಿಂದಿನ ದಿನ ಜಯಚಾಮರಾಜ ಒಡೆಯರ್ ಅವರು ಮೈಸೂರಿನ ಸಂವಿಧಾನ ಸಭೆಯ ಶಿಫಾರಸಿನಂತೆ, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಘೋಷಿಸಿದ್ದರು. ನಮ್ಮ ಸೀಮೆಯಲ್ಲಿ ಅಂಗೀಕಾರ ಎನ್ನಬಹುದಾದದ್ದು ಅದೊಂದೇ.

ಬಯಲುಸೀಮೆ

ನಮ್ಮ ಹಕ್ಕುಗಳ ಅಧ್ಯಾಯ ಓದಿದ ಕಮ್ಯುನಿಸ್ಟ್ ಸದಸ್ಯ ಸೋಮನಾಥ ಲಾಹಿರಿ, ಇವನ್ನು ಪೊಲೀಸ್ ಕಾನ್‌ಸ್ಟೇಬಲ್‌ನ ದೃಷ್ಟಿಯಿಂದ ರೂಪಿಸಿದಂತಿದೆ ಎಂದಿದ್ದರು. ಅಮೆರಿಕದ ಮೊದಲ ತಿದ್ದುಪಡಿ ವಾಕ್ ಸ್ವಾತಂತ್ರ್ಯ ಕೊಟ್ಟಿತು, ಒಂದೂವರೆ ವರ್ಷವೂ ತುಂಬದೆ ಬಂದ ನಮ್ಮ ಮೊದಲ ತಿದ್ದುಪಡಿ ಅದಕ್ಕೆ ನಿರ್ಬಂಧಗಳನ್ನು ಸೇರಿಸಿತು. ಈ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಬರುತ್ತೇನೆ.

ಮಲೆನಾಡಿಗ

ಮತ್ತೆ ಅಮೆರಿಕಕ್ಕೆ. 1788ರಲ್ಲಿ ಅಂಗೀಕರಿಸದೆ ಉಳಿದಿದ್ದ ಎರಡು ರಾಜ್ಯಗಳು ಹಕ್ಕುಗಳ ಪಟ್ಟಿ ಬಂತೆಂದೇ ಒಕ್ಕೂಟ ಸೇರಿದವೇ?

ಕಾನೂನು ವಿದ್ಯಾರ್ಥಿ

ನಾರ್ತ್ ಕೆರೊಲಿನಾದ ಮಟ್ಟಿಗೆ ಬಹುಪಾಲು ಹೌದು. 1788ರ ಆಗಸ್ಟಿನಲ್ಲಿ ಹಿಲ್ಸ್‌ಬರೊ ಸಭೆ 184–84ರಿಂದ ಅಂಗೀಕಾರವನ್ನು ತಡೆದು ಹಕ್ಕುಗಳ ಘೋಷಣೆ ಬೇಕೆಂದಿತು. ಕಾಂಗ್ರೆಸ್ ತಿದ್ದುಪಡಿಗಳನ್ನು ಕಳಿಸಿದ ಮೇಲೆ, 1789ರ ನವೆಂಬರಿನಲ್ಲಿ, ಎರಡನೆಯ ಸಭೆ ಒಪ್ಪಿತು. ರೋಡ್ ಐಲೆಂಡ್ ಕಥೆ ಬೇರೆ. ಅದು ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಗಳನ್ನೇ ಕಳಿಸಿರಲಿಲ್ಲ. 1790ರ ಮೇ ತಿಂಗಳಲ್ಲಿ ಅದರ ಜೊತೆ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಸೆನೆಟ್ ಪಾಸು ಮಾಡಿದ ಮೇಲೆ, 29ರಂದು 34–32ರಿಂದ ಸೇರಿಕೊಂಡಿತು.

ತುಂಗಾತೀರ

ಎಲ್ಲರಿಗೂ ವಂದನೆಗಳು. ನನ್ನ ಮೂಲ ಪ್ರಶ್ನೆಯ ಒಂದು ತುಂಡು ಮಾತ್ರ ಇನ್ನೂ ಉಳಿದಿದೆ. ಪಟ್ಟಿ ಬರೆದರೆ ಪಟ್ಟಿಯಲ್ಲಿ ಇಲ್ಲದ ಹಕ್ಕುಗಳು ಇಲ್ಲವೆಂದಾಗುತ್ತದೆ ಎಂದು ವಿಲ್ಸನ್ ಪೆನ್ಸಿಲ್ವೇನಿಯಾದಲ್ಲಿ ಹೇಳಿದ್ದನಲ್ಲ, ಆ ಭಯ ನಿಜವಾಯಿತೇ?

ಧಾರವಾಡದ ವಕೀಲೆ

ಆ ಆಕ್ಷೇಪವನ್ನು ಮ್ಯಾಡಿಸನ್ ಗಂಭೀರವಾಗಿ ತೆಗೆದುಕೊಂಡಿದ್ದ. ಒಂಬತ್ತನೆಯ ತಿದ್ದುಪಡಿ ಹುಟ್ಟಿದ್ದೇ ಅದಕ್ಕೆ ಉತ್ತರವಾಗಿ. ಕೆಲವು ಹಕ್ಕುಗಳನ್ನು ಇಲ್ಲಿ ಎಣಿಸಿದ ಮಾತ್ರಕ್ಕೆ ಜನರ ಬಳಿ ಉಳಿದಿರುವ ಬೇರೆ ಹಕ್ಕುಗಳನ್ನು ನಿರಾಕರಿಸಿದಂತೆ ಅರ್ಥ ಮಾಡಬಾರದು ಎಂದು ಅದು ಹೇಳುತ್ತದೆ. ಕೋರ್ಟುಗಳು ಮಾತ್ರ ಅದನ್ನು ಮುಟ್ಟಲು ಹೆದರುತ್ತವೆ. 1965ರಲ್ಲಿ ದಂಪತಿಗಳು ಗರ್ಭನಿರೋಧಕ ಬಳಸುವುದನ್ನು ನಿಷೇಧಿಸಿದ್ದ ಕನೆಕ್ಟಿಕಟ್ ಕಾನೂನು ರದ್ದಾದಾಗ ನ್ಯಾಯಮೂರ್ತಿ ಗೋಲ್ಡ್‌ಬರ್ಗ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಅದನ್ನು ಆಧಾರವಾಗಿಟ್ಟುಕೊಂಡರು. 1987ರಲ್ಲಿ ಸುಪ್ರೀಂ ಕೋರ್ಟಿಗೆ ನಾಮಕರಣಗೊಂಡಿದ್ದ ರಾಬರ್ಟ್ ಬೋರ್ಕ್, ಅರ್ಥವಾಗದ ಆ ತಿದ್ದುಪಡಿಯನ್ನು ಶಾಯಿಯ ಕಲೆ ಬಿದ್ದು ಓದಲಾಗದ ಸಾಲಿಗೆ ಸಮಾನವೆಂದರು. ಸೆನೆಟ್ ಅವರ ನೇಮಕವನ್ನು ತಿರಸ್ಕರಿಸಿತು, ಆದರೆ ಕೋರ್ಟುಗಳ ವರ್ತನೆ ಇಂದಿಗೂ ಬೋರ್ಕ್ ಹೇಳಿದಂತೆಯೇ ಇದೆ.

ಬಯಲುಸೀಮೆ

ಅಂದರೆ ವಿಲ್ಸನ್‌ನ ಭಯ ಮುಕ್ಕಾಲು ನಿಜವಾಯಿತು ಎಂದು ನೀವೇ ಒಪ್ಪಿದಿರಿ.

ಧಾರವಾಡದ ವಕೀಲೆ

ಕಾಲು ಭಾಗ. ಬರೆದ ಎಂಟು ತಿದ್ದುಪಡಿಗಳ ಮೇಲೆ ನಿತ್ಯ ವಾದ ನಡೆಯುತ್ತಿದೆ, ಬರೆಯದ ಹಕ್ಕುಗಳ ಮೇಲೆ ಅಪರೂಪಕ್ಕೆ. ಎಂಟನ್ನೂ ಬರೆಯದೇ ಬಿಟ್ಟಿದ್ದರೆ ಎಲ್ಲವೂ ಅಪರೂಪದ ಪಾಲಾಗುತ್ತಿತ್ತು.

ನ್ಯೂಜೆರ್ಸಿ ಕನ್ನಡಿಗ

ಎಣಿಕೆಯ ಮಾತು ಬಂತಲ್ಲ, ಬಿದ್ದುಹೋಗಿದ್ದ ಎರಡರ ಗತಿಯನ್ನೂ ಹೇಳಿಬಿಡುತ್ತೇನೆ. ಸಂಸದರ ಸಂಬಳದ ವಿಧಿ ಇನ್ನೂ ಜೀವಂತವಾಗಿದೆಯೆಂದು 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪ್ರಬಂಧ ಬರೆದ. ಸಿಕ್ಕಿದ್ದು ಸಿ ಗ್ರೇಡ್. ಛಲ ಹಿಡಿದು ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತಾ ಹೋದ. 1992ರಲ್ಲಿ ಅದು 27ನೆಯ ತಿದ್ದುಪಡಿಯಾಗಿ ಜಾರಿಗೆ ಬಂತು. 2017ರಲ್ಲಿ ವಿಶ್ವವಿದ್ಯಾಲಯ ಅವನ ಗ್ರೇಡನ್ನು ಎ ಎಂದು ತಿದ್ದಿತು. ಪ್ರತಿನಿಧಿಗಳ ಸಂಖ್ಯೆಯದು ಮಾತ್ರ ಈಗಲೂ ರಾಜ್ಯಗಳ ಮುಂದೆ ಬಾಕಿಯಿದೆ.

ಮಲೆನಾಡಿಗ

ಇನ್ನೂ ಬಾಕಿಯೇ? 1789ರಿಂದ?

ನ್ಯೂಜೆರ್ಸಿ ಕನ್ನಡಿಗ

ಹೌದು. ಅದಕ್ಕೆ ಕಾಲಮಿತಿಯನ್ನೇ ಹಾಕಿರಲಿಲ್ಲ.